ಮೀನಖಂಡವೆಂಬ ಪಂಪು

ಕೇಳುಗರಿಗೆ ನಮಸ್ಕಾರ. ಕಾಲಿನಲ್ಲಿ ನೀಲಿಯಾಗಿ ಉಬ್ಬಿ ಕಾಣುವ ಗೆರೆಗಳನ್ನು ನಮ್ಮ ಕರಾವಳಿಯವರೆಲ್ಲ ‘ನರ’ ಎನ್ನುತ್ತಾರೆ. ಅವು ನರಗಳಲ್ಲ, ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಗಳು ಎಂದು ದಿನವೂ ಹೇಳುತ್ತಿದ್ದೇನೆ, ಇಂದೂ ಹೇಳುತ್ತೇನೆ. ಕಣ್ಣಿಗೆ ಕಾಣುವ ಈ ನಾಳಗಳು ಒಯ್ಯುವುದು ಸ್ವಲ್ಪ ರಕ್ತವನ್ನು ಮಾತ್ರ. ನೂರರಲ್ಲಿ 85ರಿಂದ 90 ಪಾಲು ಮೇಲೇರುವುದು ಸ್ನಾಯುಗಳ ನಡುವೆ, ಹೃದಯದಿಂದ ರಕ್ತ ತರುವ ಧಮನಿಗಳ ಪಕ್ಕದಲ್ಲೇ ಹುದುಗಿರುವ ಆಳದ ಅಭಿಧಮನಿಗಳಲ್ಲಿ. ಅವು ಮೊಣಕಾಲಿನ ಹಿಂದೆ ಒಂದುಗೂಡಿ, ತೊಡೆಯ ಮೂಲಕ ಸಾಗಿ, ಹೊಟ್ಟೆಯೊಳಗಿನ ಮಹಾಭಿಧಮನಿಯನ್ನು ಸೇರುತ್ತವೆ.

ಅಷ್ಟು ಎತ್ತರಕ್ಕೆ ರಕ್ತವನ್ನು ಏರಿಸುವ ಪಂಪು ಮೀನಖಂಡ. ನಡೆಯುವಾಗ ಅದರ ಸ್ನಾಯು ಬಿಗಿದು ನಾಳವನ್ನು ಹಿಂಡುತ್ತದೆ. ಸ್ನಾಯು ಸಡಿಲಿದಾಗ, ನದಿಮುಖದ ಗದ್ದೆಗೆ ಉಪ್ಪುನೀರು ನುಗ್ಗದಂತೆ ಮುಚ್ಚಿಕೊಳ್ಳುವ ಕಿಂಡಿಯ ಹಲಗೆಯ ಹಾಗೆ ಒಳಗಿನ ಕವಾಟಗಳು ಮುಚ್ಚಿ, ಏರಿದ ರಕ್ತವನ್ನು ಕೆಳಕ್ಕೆ ಬಿಡುವುದಿಲ್ಲ. ಸುಮ್ಮನೆ ನಿಂತವರ ಪಾದದ ಅಭಿಧಮನಿಯಲ್ಲಿ ಪಾದರಸದ ಸುಮಾರು 90 ಮಿಲಿಮೀಟರಿನಷ್ಟಿರುವ ಒತ್ತಡ, ನಡೆಯತೊಡಗಿದರೆ 30ರ ಆಸುಪಾಸಿಗೆ ಇಳಿಯುತ್ತದೆ. ಮೀನಖಂಡ ಅಲುಗಬೇಕು, ನಾನು ಹೇಳುವುದು ಇಷ್ಟನ್ನೇ.

ಬಂಟ್ವಾಳದ ಕಡೆಯಿಂದ ಬೀಡಿ ಕಟ್ಟುವ ಒಬ್ಬ ಅಮ್ಮ ನನ್ನಲ್ಲಿಗೆ ಬಂದಿದ್ದರು. ಬ್ರಾಂಚಿಗೆ ಬೀಡಿ ಕೊಡುವ ಅವಸರದಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೊರವನ್ನು ಮಡಿಲಲ್ಲಿಟ್ಟು, ಕಾಲು ಮಡಚಿ ಕೂರುವವರು. ಎಡಗಾಲು ಬಾತು, ಮೀನಖಂಡ ಕಲ್ಲಿನಂತಾಗಿತ್ತು. ಸೊಸೆ ನಾಲ್ಕು ದಿನದಿಂದ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳಂತೆ. “ಕಾಲಿಗೆ ಕೆಲಸ ಕೊಟ್ಟದ್ದೇ ಇಲ್ಲ ಡಾಕ್ಟ್ರೇ, ಕೂತಲ್ಲೇ ಕೂತದ್ದು. ಮತ್ತೆ ಎಂತಕ್ಕೆ ಬಾತದ್ದು?” ಎಂದು ಅವರು ಕೇಳಿದರು. ಅಮ್ಮಾ, ಕೆಲಸ ಕೊಡದೆ ಇದ್ದದ್ದೇ ಕಾರಣ ಎಂದೆ. ಸ್ಕ್ಯಾನಿನಲ್ಲಿ ಮೊಣಕಾಲಿನ ಹಿಂದಿನ ಆಳದ ನಾಳದಲ್ಲಿ ರಕ್ತ ನಿಂತು ಹೆಪ್ಪುಗಟ್ಟಿತ್ತು. ಆ ಹೆಪ್ಪು ಕಳಚಿಕೊಂಡರೆ ಮಹಾಭಿಧಮನಿಯ ಮೂಲಕ ಹೃದಯದ ಬಲಭಾಗಕ್ಕೆ, ಅಲ್ಲಿಂದ ನೇರ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ, ಪ್ರಾಣವನ್ನೇ ತೆಗೆಯಬಹುದು. ಹಾಗಾಗಿ ದಯವಿಟ್ಟು ಒಂದೇ ಕಾಲು ಬಾತು ನೋಯುತ್ತಿದ್ದರೆ ತಿಕ್ಕಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಹೆಪ್ಪು ಬೆಳೆಯದಂತೆ ತಡೆಯುವ ಔಷಧಿಯನ್ನು ತಿಂಗಳುಗಟ್ಟಲೆ ತೆಗೆದುಕೊಂಡು ಆ ಅಮ್ಮ ಚೇತರಿಸಿಕೊಂಡರು. ಈಗ 25 ಬೀಡಿಯ ಒಂದೊಂದು ಕಟ್ಟು ಮುಗಿದಾಗಲೂ ಕಾಲು ನೀಡಿ, ಪಾದವನ್ನು ಮೇಲೆ ಕೆಳಗೆ ಆಡಿಸಿ, ಆಗಾಗ ಎದ್ದು ಬಾವಿಕಟ್ಟೆಯವರೆಗೆ ಹೋಗಿ ಬರುತ್ತಾರೆ.

ಶಸ್ತ್ರಚಿಕಿತ್ಸೆಯಾದವರು, ಹೆರಿಗೆಯಾದ ತಾಯಂದಿರು ಕೂಡ ವೈದ್ಯರು ಹೇಳಿದೊಡನೆ ಎದ್ದು ನಡೆಯಬೇಕು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟವರು ಕೂತಲ್ಲಿಯೇ ಹಿಮ್ಮಡಿಯನ್ನು ಎತ್ತಿ ಇಳಿಸುತ್ತಿರಲಿ, ಚಾರ್ಮಾಡಿ ಘಾಟಿಯಲ್ಲಾಗಲಿ, ಶಿರಾಡಿಯಲ್ಲಾಗಲಿ. ನಮಸ್ಕಾರ.