ಗಿಟಾರಿಸ್ಟ್ ಕೈಕೊಟ್ಟ, ಫೇತ್ ನೋ ಮೋರ್ ನೆನಪಾಯ್ತು | ಎಚ್‌ಎಸ್‌ಆರ್ ಜ್ಯಾಮ್ ರೂಮ್ ವ್ಲಾಗ್

ಹಾಂ, ಆನ್ ಆಗಿದೆ. ಇದು ಮೆಟ್ರೋ ಹಳದಿ ಲೈನು, ಕೆಳಗಡೆ ಕಾಣ್ತಿರೋದು ಸಿಲ್ಕ್ ಬೋರ್ಡ್. ಅಲ್ಲಿ ಸಿಕ್ಕಾಕೊಂಡಿರೋರನ್ನ ಮೇಲಿಂದ ನೋಡೋ ಸುಖಕ್ಕೇ ಟಿಕೆಟ್ ದುಡ್ಡು ವಸೂಲು. ಭುಜದ ಮೇಲಿರೋದು ನನ್ನ ಬೇಸ್ ಗಿಟಾರ್. ಪಕ್ಕದಲ್ಲಿ ಕೂತಿದ್ದ ಯಜಮಾನ್ರು "ಏನಪ್ಪಾ, ವೀಣೆನಾ?" ಅಂತ ಕೇಳಿದ್ರು. ಹೂಂ ಅಂದೆ. ಸುಮ್ನೆ ಯಾಕೆ ವಿವರಣೆ.

ಇದೇ ಜ್ಯಾಮ್ ರೂಮು, ಬ್ಯಾಂಡ್‌ನವ್ರು ಗಂಟೆ ಲೆಕ್ಕದಲ್ಲಿ ಬಾಡಿಗೆ ಹಿಡಿದು ಪ್ರಾಕ್ಟೀಸ್ ಮಾಡೋ ಜಾಗ. ಕೇಬಲ್ ಚುಚ್ಚೋದು, ಸ್ನೇರ್ ಡ್ರಮ್ ಬಿಗಿ ಮಾಡೋದೆಲ್ಲ ನಿಮಗೇ ಕಾಣ್ತಿದೆ. ಇವತ್ತು ಎತ್ಕೊಂಡಿರೋದು ಫೇತ್ ನೋ ಮೋರ್ ಬ್ಯಾಂಡಿನ ಎಪಿಕ್ ಅನ್ನೋ ಹಾಡು. ಸ್ಯಾನ್ ಫ್ರಾನ್ಸಿಸ್ಕೋದವರು, ಎಂಬತ್ತರ ದಶಕದ ಶುರುವಿಂದ ಇರೋರು. ಒಂದು ಹಾಡಲ್ಲಿ ಮೆಟಲ್, ಮುಂದಿನದ್ರಲ್ಲಿ ಕುಣಿಸೋ ತಾಳದ ಫಂಕು, ಅದರ ಪಕ್ಕಕ್ಕೆ ಹಳೇ ಸಿನಿಮಾ ಸಂಗೀತ. ನಮ್ಮೂರಲ್ಲಿ ರಾಕ್ ಅಂದ್ರೆ ಐರನ್ ಮೇಡನ್, ಮೆಟಾಲಿಕಾ ಬ್ಯಾಂಡುಗಳು ಅಷ್ಟೇ. 2011ರಲ್ಲಿ ಮೆಟಾಲಿಕಾ ಬಂದಾಗ ಅರಮನೆ ಮೈದಾನದ ಕೆಸರಲ್ಲಿ ಚಪ್ಪಲಿ ಕಳ್ಕೊಂಡ ಕಥೆನ ಇವತ್ತಿಗೂ ಹೇಳೋರಿದಾರೆ. ಫೇತ್ ನೋ ಮೋರ್ ಹೆಸರು ಹೇಳಿದ್ರೆ ಮಾತ್ರ "ಯಾರು?" ಅಂತಾರೆ. ಅದಿರ್ಲಿ.

ಈಗ ಮೊಬೈಲ್ ನೋಡ್ತಿದ್ದೀನಲ್ಲ, ಅದು ನಮ್ಮ ಗಿಟಾರಿಸ್ಟ್ ಮೆಸೇಜು. "ಮಗಾ, ಸಾರಿ, ತುಮಕೂರಲ್ಲಿದ್ದೀನಿ, ಅಕ್ಕನ ಮಗಳ ನಾಮಕರಣ." ನಾಮಕರಣ ಏನು ಬೆಳಿಗ್ಗೆ ಎದ್ದಾಗ ಗೊತ್ತಾಗೋ ಕಾರ್ಯಕ್ರಮನಾ ಗುರು?

ನಾನಂದೆ, ಗಿಟಾರ್ ಇಲ್ದೇನೇ ಹೊಡಿಯೋಣ. ಯಾಕಂದ್ರೆ ಫೇತ್ ನೋ ಮೋರ್ ಬ್ಯಾಂಡಲ್ಲಿ ಗಿಟಾರಿಸ್ಟ್ ಸೀಟು ಬಿಎಂಟಿಸಿ ಸೀಟಿದ್ದಂಗೆ, ಒಬ್ಬ ಇಳೀತಾನೆ ಇನ್ನೊಬ್ಬ ಕೂರ್ತಾನೆ. ಬ್ಯಾಂಡ್ ಅಂದ್ರೆ ಬೇಸ್ ಬಿಲ್ಲಿ ಗೌಲ್ಡ್, ಡ್ರಮ್ಸ್ ಮೈಕ್ ಬೋರ್ಡಿನ್, ಕೀಬೋರ್ಡ್ ರಾಡಿ ಬಾಟಮ್. ಈ ಮೂರು ಜನ. ಹಾಡುಗಾರನೂ ಬದಲಾದ. 1985ರ ಮೊದಲ ಆಲ್ಬಮ್ಮಲ್ಲಿ ಚಕ್ ಮೋಸ್ಲಿ ಇದ್ದ, 1988ರಲ್ಲಿ ಕಳಿಸಿಬಿಟ್ರು. ಆಮೇಲೆ ಬಂದವನು ಮೈಕ್ ಪ್ಯಾಟನ್. ಆಗ ಇಪ್ಪತ್ತರ ಹುಡುಗ. ಟ್ಯೂನ್‌ಗಳೆಲ್ಲ ಮೊದಲೇ ರೆಡಿ ಇದ್ವು, ಇವನು ಎರಡು ವಾರದಲ್ಲಿ ಅಷ್ಟಕ್ಕೂ ಸಾಹಿತ್ಯ ಬರೆದ. ಅದೇ 1989ರ ದ ರಿಯಲ್ ಥಿಂಗ್ ಆಲ್ಬಮ್ಮು, ಎಪಿಕ್ ಇರೋದು ಅದ್ರಲ್ಲೇ. ತಿಂಗಳುಗಟ್ಲೆ ಯಾರೂ ಕೇಳ್ಲಿಲ್ಲ. ಎಂಟಿವಿ ಎಪಿಕ್ ವಿಡಿಯೋನ ಮತ್ತೆ ಮತ್ತೆ ಹಾಕೋಕೆ ಶುರು ಮಾಡಿದ್ಮೇಲೆ, 1990ರಲ್ಲಿ ಹಾಡು ಅಮೆರಿಕದ ಪಟ್ಟಿಯಲ್ಲಿ 9ನೇ ಸ್ಥಾನಕ್ಕೆ ಹೋಯ್ತು. ವಿಡಿಯೋ ಕೊನೇಲಿ ಒಂದು ಮೀನು ನೀರಿಲ್ದೆ ಒದ್ದಾಡುತ್ತೆ, ಒಂದು ಪಿಯಾನೋ ಸಿಡಿಯುತ್ತೆ. ಪಿಯಾನೋ ಸರಿ. ಮೀನು ನೋಡೋಕಾಗಲ್ಲ ನಂಗೆ.

ನೋಡಿ, ಗಿಟಾರ್ ಇಲ್ದೆ ಹೊಡೀತಿದ್ದೀವಿ. ಕೇಳಿಸ್ತಿದೆಯಾ? ಖಾಲಿ ಖಾಲಿ. ಆಯ್ತು, ಮಾತು ವಾಪಸ್ ತಗೊಂಡೆ. ಅವರ ಆಗಿನ ಗಿಟಾರಿಸ್ಟ್ ಜಿಮ್ ಮಾರ್ಟಿನ್‌ನ ಗಿಟಾರ್ ಇಲ್ದೆ ಈ ಹಾಡು ನಿಲ್ಲಲ್ಲ.

ಆ ಮಾರ್ಟಿನ್ ಕಥೆ ಗೊತ್ತಾ? ಹಿಟ್ ಆದ್ಮೇಲೆ ಇನ್ನೊಂದು ಎಪಿಕ್ ಮಾಡಿದ್ರೆ ರೆಕಾರ್ಡ್ ಕಂಪನಿಯವ್ರು ಕುಣಿದಾಡೋರು. ಇವರು 1992ರಲ್ಲಿ ಬೇರೆ ಥರದ್ದೇ ಆಲ್ಬಮ್ಮು, ಏಂಜಲ್ ಡಸ್ಟ್ ಮಾಡಿದ್ರು. ಮುಂದೆ ಚಂದದ ಬೆಳ್ಳಕ್ಕಿ, ಹಿಂದೆ ನೇತು ಹಾಕಿರೋ ಮಾಂಸ, ಅದೇ ಕವರು. ಅಮೆರಿಕದಲ್ಲಿ ಹಿಂದಿನದಕ್ಕಿಂತ ಕಮ್ಮಿ ಮಾರಾಟ. ಮಾರ್ಟಿನ್‌ಗೆ ಆ ದಾರಿ ಇಷ್ಟ ಆಗ್ಲಿಲ್ಲ, 1993ರಲ್ಲಿ ಹೊರಗೆ. ಫ್ಯಾಕ್ಸ್ ಕಳಿಸಿ ತೆಗೆದ್ರು ಅಂತ ಒಂದು ಮಾತು, ನಾನೇ ಬಿಟ್ಟೆ ಅಂತ ಅವನ ಮಾತು. ಆಮೇಲೆ ಅವನು ಏನು ಮಾಡಿದ ಹೇಳಿ? ದೈತ್ಯ ಸಿಹಿಗುಂಬಳಕಾಯಿ ಬೆಳೆದು ಸ್ಪರ್ಧೆಗೆ ತಗೊಂಡು ಹೋದ. ನಿಜ. ನಂಗೆ ಅವನ ಮೇಲೆ ಗೌರವ ಬಂದಿದ್ದೇ ಇದು ಗೊತ್ತಾದ್ಮೇಲೆ.

1995ರ ಕಿಂಗ್ ಫಾರ್ ಎ ಡೇ ಆಲ್ಬಮ್ಮಿಗೆ ನುಡಿಸಿದ್ದು ಟ್ರೇ ಸ್ಪ್ರೂಯನ್ಸ್, ಪ್ಯಾಟನ್‌ನ ಇನ್ನೊಂದು ಬ್ಯಾಂಡ್ ಮಿಸ್ಟರ್ ಬಂಗಲ್‌ನವನು. ಟೂರ್ ಹೊರಡೋ ಹೊತ್ತಿಗೆ ಅವನೂ ಇಲ್ಲ. ಕೊನೆಗೆ ಕೀಬೋರ್ಡ್ ನೋಡ್ಕೋತಿದ್ದ ಟೆಕ್ನಿಷಿಯನ್ ಡೀನ್ ಮೆಂಟಾನೇ ಗಿಟಾರ್ ಹಿಡಿದು ಸ್ಟೇಜ್ ಹತ್ತಿದ.

ಇದನ್ನ ನಾನು ಜೋರಾಗಿ ಹೇಳ್ತಿದ್ನಾ, ಬಾಗಿಲ ಹತ್ರ ನಿಂತಿದ್ದ ಜ್ಯಾಮ್ ರೂಮ್ ಹುಡುಗ, "ಬ್ರೋ, ನಂಗೆ ಬರುತ್ತೆ" ಅಂದ. ಇದೇ ಶಾಟು. ನೋಡಿ ಹೆಂಗೆ ಹೊಡೀತಾನೆ! ನಮ್ಮವನಿಗಿಂತ ಚೆನ್ನಾಗಿ. ಇದನ್ನ ಕಟ್ ಮಾಡಲ್ಲ, ತುಮಕೂರಿನವನು ನೋಡ್ಲಿ.

ಈಗ ಬಿಲ್ಲು. ಮೂರು ಜನಕ್ಕೆ ಗಂಟೆಗೆ 500, ಎರಡು ಗಂಟೆಗೆ 1000, ಒಪ್ಪಿದೆ. ಕೀಬೋರ್ಡ್ ಬಾಡಿಗೆ 200. ಕೀಬೋರ್ಡ್ ಸ್ಟ್ಯಾಂಡಿಗೆ ಬೇರೆ 100. ಇನ್ನೇನು, ಕೀಬೋರ್ಡನ್ನ ತೊಡೆ ಮೇಲಿಟ್ಕೊಂಡು ನುಡಿಸ್ಬೇಕಿತ್ತಾ? ಮುಂದೆ ಕೇಳಿ. "ಸೆಷನ್ ಸಪೋರ್ಟ್" 300. ಅದೇನು ಅಂದ್ರೆ, ಆ ಹುಡುಗ ಗಿಟಾರ್ ನುಡಿಸಿದ್ದಕ್ಕಂತೆ. ಅದರ ಕೆಳಗೆ "ನಾಲ್ಕನೇ ವ್ಯಕ್ತಿ" 100. ಯಾರಪ್ಪ ನಾಲ್ಕನೆಯವರು? ಅದೂ ಅವನೇ! ಇವರ ಕೆಲಸದ ಹುಡುಗ, ಇವರ ರೂಮಲ್ಲಿ ನಿಂತಿದ್ದಕ್ಕೆ ನಾವು ತಲೆಗಂದಾಯ ಕಟ್ಬೇಕು. 1700, ಜಿಎಸ್‌ಟಿ ಸೇರಿ 2006. ಒಂದು ಹಾಡೂ ಪೂರ್ತಿ ಆಗಿಲ್ಲ ಸ್ವಾಮಿ. "ಸರ್, 300 ಆ ಹುಡುಗನ ಕೈಗೇ ಕೊಡ್ತೀನಿ" ಅಂದೆ, ಆಗಲ್ಲ ಅಂದ್ರು. ಕಾಲು ಗಂಟೆ ಜಗಳ ಆಡಿ ಆ "ನಾಲ್ಕನೇ ವ್ಯಕ್ತಿ" ನೂರು ತೆಗೆಸಿದೆ, 1888 ಆಯ್ತು. ಹುಡುಗ ಅಲ್ಲೇ ನಿಂತು ತಲೆ ಕೆರ್ಕೊಳ್ತಿದ್ದ, ಪಾಪ. ಅವನಿಗೆ ಎಷ್ಟು ಸಿಗುತ್ತೋ.

ಹೊರಗೆ ಬಂದ್ವಿ. ಉಳಿದಿದ್ದನ್ನ ಬೇಗ ಹೇಳ್ತೀನಿ. 1997ರ ಆಲ್ಬಮ್ಮಿಗೆ ಜಾನ್ ಹಡ್ಸನ್ ಅನ್ನೋ ಗಿಟಾರಿಸ್ಟ್ ಬಂದ. ಮುಂದಿನ ವರ್ಷವೇ ಬ್ಯಾಂಡಿಗೆ ಕುಂಬಳಕಾಯಿ. 2009ರಲ್ಲಿ ಮತ್ತೆ ಸೇರಿದ್ರು, 2015ರಲ್ಲಿ ಸೋಲ್ ಇನ್ವಿಕ್ಟಸ್ ತಂದ್ರು. ಹದಿನೆಂಟು ವರ್ಷ ಬಿಟ್ಟು ಹೊಸ ಆಲ್ಬಮ್ಮು, ಗಿಟಾರ್ ಸೀಟಲ್ಲಿ ಅದೇ ಹಡ್ಸನ್. ಬಿಎಂಟಿಸಿ ಅಂದಿದ್ನಲ್ಲ, ಇವನು ಕೊನೇ ಸ್ಟಾಪಿನ ಗಿರಾಕಿ. 2021ರ ಶೋಗಳನ್ನ ಪ್ಯಾಟನ್ ಮಾನಸಿಕ ಆರೋಗ್ಯದ ಕಾರಣಕ್ಕೆ ರದ್ದು ಮಾಡಿದ್ರು. ಒಳ್ಳೇದೇ ಮಾಡಿದ್ರು. ಟಿಕೆಟ್ ತಗೊಂಡೋರು ಬೈಕೊಂಡಿರ್ತಾರೆ, ನಾನಾಗಿದ್ರೂ ಬೈತಿದ್ದೆ.

ಎಲ್ಲಿಂದ ಕೇಳೋಕೆ ಶುರು ಮಾಡ್ಬೇಕು ಅಂದ್ರೆ, ಏಂಜಲ್ ಡಸ್ಟ್. ಅಲ್ಲ ಅಲ್ಲ, ಮೊದಲನೇ ಸಲಕ್ಕೆ ಭಾರ ಆಗುತ್ತೆ. ಕಿಂಗ್ ಫಾರ್ ಎ ಡೇ ತಗೊಳ್ಳಿ. ಅದನ್ನ ನಾನು ಬೋರು ಅಂತಿದ್ದೆ, ಈಗ ಅದೇ ಓಡ್ತಿರುತ್ತೆ ಮನೇಲಿ... ಆಟೋ! ಜಯನಗರ ಬರ್ತೀರಾ? ಮೀಟರ್ ಮೇಲೆ ಮೂವತ್ತಾ? ಆಯ್ತು ಅಣ್ಣ. ಹತ್ತು ಮಗಾ, ಸಿಂಬಲ್ ಬ್ಯಾಗ್ ನಿನ್ನ ಕಾಲ ಹತ್ರ ಇಟ್ಕೋ, ಕ್ಯಾಮೆರಾ ಆಫ್ ಮಾಡ್ತೀನಿ.