ಬಡ್ಡಿ ಪೂರ್ತಿ ಹಂಚಿದರೆ ದತ್ತಿ ಸೊರಗುತ್ತದೆ

ನಮಸ್ಕಾರ ರೀ. ಹಳೇ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಈ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ: "ನಮ್ಮ ಕಾಲೇಜಿಗೆ ಏನಾದ್ರೂ ಮಾಡೋಣ್ರೋ." ಒಬ್ಬರು ಗೇಟ್ ಕಟ್ಟಿಸೋಣ ಅಂತಾರೆ. ಇನ್ನೊಬ್ಬರು ನೀರಿನ ಫಿಲ್ಟರ್ ಅಂತಾರೆ. ಮತ್ತೊಬ್ಬರು, "ದತ್ತಿ ಇಡೋಣ, ಬಡ ಹುಡುಗರಿಗೆ ಪ್ರತಿ ವರ್ಷ ಸ್ಕಾಲರ್‌ಶಿಪ್ ಸಿಗಲಿ" ಅಂತಾರೆ. ಈ ವಿಡಿಯೋ ಆ ಮತ್ತೊಬ್ಬರಿಗೆ.

ಧಾರವಾಡದವರಿಗೆ ದತ್ತಿ ಹೊಸದಲ್ಲ. ವಿದ್ಯಾವರ್ಧಕ ಸಂಘದ ಕಡೆ ಹಾಯ್ದರೆ ಯಾರದಾದರೂ ಹೆಸರಿನ ದತ್ತಿ ಉಪನ್ಯಾಸ ನಡೆದಿರುತ್ತದೆ. ಓದಿಗಾಗಿ ಆಸ್ತಿ ಬಿಟ್ಟವರಲ್ಲಿ ನಮ್ಮ ಕಡೆ ದೊಡ್ಡ ಹೆಸರು ಶಿರಸಂಗಿ ಲಿಂಗರಾಜ ದೇಸಾಯರದು. 1906ರಲ್ಲಿ ತೀರಿಕೊಂಡ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಲಿಂಗಾಯತ ಮಕ್ಕಳ ಶಿಕ್ಷಣಕ್ಕೆ ಬರೆದಿಟ್ಟರು. ನವಲಗುಂದ-ಶಿರಸಂಗಿ ಟ್ರಸ್ಟ್ ಹುಟ್ಟಿದ್ದು ಹಾಗೆ. ಆಗ ದತ್ತಿ ಅಂದರೆ ಹೊಲ. ಪೀಕಿನ ದರ ಏರಿದ ಹಾಗೆ ಹೊಲದ ಉತ್ಪನ್ನವೂ ಏರುತ್ತದೆ. ನಾವು ಇಡುವುದು ಬ್ಯಾಂಕಿನಲ್ಲಿ ಎಫ್‌ಡಿ. ಕಿರಿಕಿರಿ ಶುರುವಾಗುವುದೇ ಅಲ್ಲಿ.

[ಸ್ಕ್ರೀನ್ ಮೇಲೆ ಲೆಕ್ಕ]

20 ಜನ ಗೆಳೆಯರು ತಲಾ 10,000 ಹಾಕಿದರು ಅನ್ನಿ. 2 ಲಕ್ಷದ ಇಡಗಂಟು ಆಯಿತು. ಅಸಲು ಮುಟ್ಟುವಂತಿಲ್ಲ, ಬಡ್ಡಿ ಮಾತ್ರ ಖರ್ಚಿಗೆ. ಶೇ. 7ರಂತೆ ವರ್ಷಕ್ಕೆ 14,000. ಒಬ್ಬ ಹುಡುಗಿಯ ಪರೀಕ್ಷೆ ಫೀ, ಬಸ್ ಪಾಸು, ಕೆಲವು ತಿಂಗಳ ಮೆಸ್ ಬಿಲ್ಲು ನೀಗುತ್ತದೆ. ಎಲ್ಲರಿಗೂ ಖುಷಿ.

ಈಗ ಸಾಮಾನು, ಫೀ ಎಲ್ಲದರ ಬೆಲೆ ವರ್ಷಕ್ಕೆ ಶೇ. 5ರಂತೆ ಏರುತ್ತದೆ ಅಂತ ಹಿಡಿಯಿರಿ. 20 ವರ್ಷ ಆದ ಮೇಲೂ ಬಡ್ಡಿ ಅದೇ 14,000. ಆದರೆ ಆಗ ಅದಕ್ಕೆ ಇವತ್ತಿನ 5,300 ರೂಪಾಯಿಯಷ್ಟೇ ಕಿಮ್ಮತ್ತು. ಹಳೇ ದತ್ತಿಗಳ ಬಡ್ಡಿಯಲ್ಲಿ ಬಂಗಾರದ ಪದಕ ಮಾಡಿಸುವುದಿರಲಿ, ಬಂಗಾರದ ನೀರು ಹಾಕಿಸುವುದೂ ಕಷ್ಟವಾಗುವುದು ಇದಕ್ಕೇ.

ಅಮೆರಿಕದ ದೊಡ್ಡ ಯೂನಿವರ್ಸಿಟಿಗಳು ಇಲ್ಲಿ ಒಂದು ಶಿಸ್ತು ಇಟ್ಟುಕೊಂಡಿವೆ. ಗಳಿಸಿದ್ದನ್ನೆಲ್ಲ ಹಂಚುವುದಿಲ್ಲ. ಇಡಗಂಟಿನ ಸುಮಾರು ಶೇ. 4ರಿಂದ 5ರಷ್ಟು ಮಾತ್ರ ಖರ್ಚು, ಉಳಿದದ್ದು ವಾಪಸ್ ಗಂಟಿಗೆ. ನಮ್ಮ 2 ಲಕ್ಷಕ್ಕೂ ಇದನ್ನೇ ಹಚ್ಚಿ ನೋಡೋಣ. ಶೇ. 4.5 ಅಂದರೆ ಮೊದಲ ವರ್ಷ 9,000 ಕೊಡುತ್ತೇವೆ, 5,000 ಅಸಲಿಗೆ ಸೇರಿಸುತ್ತೇವೆ. ಪ್ರತಿ ವರ್ಷ ಆಗಿನ ಗಂಟಿಗೆ ಇದೇ ಶೇಕಡಾ ಲೆಕ್ಕ. 18 ವರ್ಷ ಕಳೆದಾಗ ಗಂಟು ಸುಮಾರು 3 ಲಕ್ಷ 12 ಸಾವಿರ ಆಗಿರುತ್ತದೆ, ಸ್ಕಾಲರ್‌ಶಿಪ್ 14,000 ದಾಟುತ್ತದೆ. ಅಲ್ಲಿಂದ ಏರುತ್ತಲೇ ಹೋಗುತ್ತದೆ.

ಆದರೆ ಅಲ್ಲಿಯವರೆಗಿನ ಹುಡುಗರಿಗೆ ಕಡಿಮೆ ಸಿಕ್ಕಿತಲ್ವಾ? ಹೌದು, ಸಿಕ್ಕಿತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ಅದೂ ಅಲ್ಲದೆ ಗಂಟು ಬೆಳೆಯುವುದು ಶೇ. 2.5, ಬೆಲೆ ಏರುವುದು ಶೇ. 5. ಬರೀ ಎಫ್‌ಡಿ ನಂಬಿದರೆ ಸೋಲು ನಿಧಾನ ಆಗುತ್ತದೆ, ತಪ್ಪುವುದಿಲ್ಲ. ಹಾಗಾಗಿ ಐದು ವರ್ಷಕ್ಕೊಮ್ಮೆ ಅದೇ ಬ್ಯಾಚಿನವರು ಗಂಟಿಗೆ ಇನ್ನಷ್ಟು ಸೇರಿಸಬೇಕು. ಗೆಟ್‌ಟುಗೆದರ್ ಅಂತ ಒಂದೇ ಬಣ್ಣದ ಟೀ-ಶರ್ಟ್ ಹೊಲಿಸಿ, ಫ್ಲೆಕ್ಸ್ ಹಾಕಿಸಿ ಖರ್ಚು ಮಾಡುತ್ತೇವಲ್ಲ, ಅದರಲ್ಲೇ ಒಂದು ಪಾಲು ತೆಗೆದಿಟ್ಟರೂ ಸಾಕು.

ಇನ್ನು ಷರತ್ತುಗಳು. "ನಮ್ಮೂರಿನವನೇ ಆಗಿರಬೇಕು, ಇದೇ ವಿಷಯ ಓದುತ್ತಿರಬೇಕು, ಶೇ. 90 ದಾಟಿರಬೇಕು." ಕೇಳಲು ಚಂದ. ನಾಳೆ ಆ ಕೋರ್ಸೇ ಮುಚ್ಚಿದರೆ? ದುಡ್ಡು ಸುಮ್ನೆ ಕೊಳೆಯುತ್ತದೆ. ಕರಾರು ಬರೆಯುವಾಗಲೇ "ಇಂಥವರು ಸಿಗದಿದ್ದರೆ ಅದೇ ಕಾಲೇಜಿನ ಬೇರೆ ಅರ್ಹರಿಗೆ ಕೊಡಬಹುದು" ಅಂತ ಸೇರಿಸಿ. ಇದು ಇಡಗಂಟಿನ ದುಡ್ಡು, ಕಾಲೇಜಿನ ದಿನದ ಖರ್ಚಿಗಲ್ಲ ಅನ್ನುವುದನ್ನೂ ಬರವಣಿಗೆಯಲ್ಲೇ ಕೊಡಿ.

ಹುಬ್ಬಳ್ಳಿಯ ಎಷ್ಟೋ ಎಂಜಿನಿಯರುಗಳು ಅಮೆರಿಕದಲ್ಲಿದ್ದಾರೆ. ಅವರಿಗೊಂದು ಮಾತು. ನಿಮ್ಮ ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅಂತ ಲೆಕ್ಕವಾಗುವುದಿಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಆಗ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು. ದುಡ್ಡು ಮೊದಲು ಬೀಳಬೇಕಾದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಆ ಸಂಸ್ಥೆಯ ಖಾತೆಗೆ. ಧಾರವಾಡದ ಖಾತೆ ನಂಬರ್ ಕೊಟ್ಟು "ಇಲ್ಲೇ ಹಾಕ್ರಿ" ಅಂದರೆ ಹಾಕಬೇಡಿ. ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ (80ಜಿ ಅಂತ ರೂಢಿಯಲ್ಲಿರುವುದು) ಬೇಕಾದವರು ಹಳೇ ತೆರಿಗೆ ಪದ್ಧತಿಯಲ್ಲಿರಬೇಕು. 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಅದಕ್ಕೆ ವಿನಾಯಿತಿ ಇಲ್ಲ.

ಕೊನೆಯದಾಗಿ, ದುಡ್ಡು ಯಾವಾಗ ಕೊಡುವುದು ಅನ್ನುವ ವಿಷಯ. ಎಷ್ಟೋ ಕಡೆ ಕಾಲೇಜಿನ ವಾರ್ಷಿಕ ಗ್ಯಾದರಿಂಗ್ ದಿನ ಸ್ಟೇಜಿಗೆ ಕರೆದು ಕವರ್ ಕೊಡುತ್ತಾರೆ. ಅಷ್ಟರಲ್ಲಿ ವರ್ಷವೇ ಮುಗಿಯುತ್ತ ಬಂದಿರುತ್ತದೆ. ನವಲಗುಂದದ ಹಳ್ಳಿಯಿಂದ ಬಂದ ಹುಡುಗ ಅಡ್ಮಿಷನ್ ಫೀ, ಹಾಸ್ಟೆಲ್ ಡಿಪಾಸಿಟ್ಟಿಗೆ ಆಗಲೇ ಸಾಲ ಮಾಡಿರುತ್ತಾನೆ. ಅದಕ್ಕೇ "ಅಡ್ಮಿಷನ್ ಆದ ತಿಂಗಳೊಳಗೆ ವಿದ್ಯಾರ್ಥಿಯ ಖಾತೆಗೆ ಜಮಾ" ಅಂತ ಕರಾರಿನಲ್ಲೇ ಬರೆಸಿ. ಶಾಲು, ಫೋಟೋ ಬೇಕಾದರೆ ಗ್ಯಾದರಿಂಗಿನಲ್ಲಿ ಆಮೇಲೆ ಇಟ್ಟುಕೊಳ್ಳಲಿ.