ಆಲ್ಬಿಯಲ್ಲಿ ಲೋತ್ರೆಕ್ ಪೋಸ್ಟರ್‌ಗಳು, ಮತ್ತೆ ಆ ರಟ್ಟಿನ ಕೊಳವೆಯ ರೇಟು

ಎಲ್ಲರಿಗೂ ನಮಸ್ಕಾರ. ಈ ಕೆಂಪು ಇಟ್ಟಿಗೆ ಕಟ್ಟಡ ಕೋಟೆ ಅಲ್ಲ, ಬಿಷಪ್ಪರ ಅರಮನೆ. 13ನೇ ಶತಮಾನದ್ದು. ಈಗ ಲೋತ್ರೆಕ್ ಮ್ಯೂಸಿಯಂ. ಊರು ದಕ್ಷಿಣ ಫ್ರಾನ್ಸಿನ ಆಲ್ಬಿ, ತುಲೂಸ್‌ನಿಂದ ರೈಲಿನಲ್ಲಿ ಒಂದು ಗಂಟೆ. ತುಲೂಸ್‌ನಲ್ಲಿ ಏರ್‌ಬಸ್ ಕೆಲಸಕ್ಕೆ ಅಂತ ಬಂದಿರುವ ಬೆಂಗಳೂರಿನವರೇ, ಪ್ರತಿ ಸಲ ಬಾರ್ಸಿಲೋನಾಕ್ಕೆ ಓಡಬೇಡಿ. ಮೊದಲು ಇಲ್ಲಿಗೆ ಬನ್ನಿ.

ಸರಿ, ಒಳಗೆ ಬಂದೆವು.

ಚಿತ್ರಕಾರ ಆನ್ರಿ ದ ತುಲೂಸ್-ಲೋತ್ರೆಕ್ ಹುಟ್ಟಿದ್ದು ಇದೇ ಊರಿನಲ್ಲಿ, 1864ರಲ್ಲಿ. ದೊಡ್ಡ ಮನೆತನ. ಅಪ್ಪ ಅಮ್ಮ ಇಬ್ಬರೂ ಸ್ವಂತ ಅಕ್ಕ-ತಂಗಿಯರ ಮಕ್ಕಳು. ನಮ್ಮಲ್ಲಾದರೆ ಅವರು ಅಣ್ಣ-ತಂಗಿ, ಮದುವೆ ಮಾತೇ ಇಲ್ಲ. ಆದರೆ ಸೋದರಮಾವನ ಮಗಳಾದರೆ ನಾವೂ ಸರಿ ಅಂತೀವಿ, ಅಲ್ವಾ? ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ ಹುಡುಗನ ಎರಡೂ ತೊಡೆಮೂಳೆ ಮುರಿಯಿತು, ಕಾಲು ಮತ್ತೆ ಬೆಳೆಯಲೇ ಇಲ್ಲ. ರಕ್ತಸಂಬಂಧದಿಂದ ಬಂದ ಮೂಳೆ ಕಾಯಿಲೆ ಇರಬೇಕು ಅಂತ ಈಗಿನ ಡಾಕ್ಟರರು ಹೇಳುತ್ತಾರೆ. ಈಗಲೂ ಸೋದರಿಕೆಯಲ್ಲೇ ಹೆಣ್ಣು ತರಬೇಕು ಅಂತ ಹಟ ಹಿಡಿಯುವ ಮನೆಗಳಿವೆ... ಬೇಡ, ಅದು ಇನ್ನೊಂದು ವಿಡಿಯೋ. ಚಿತ್ರ ನೋಡಿ.

ಇದು ರಟ್ಟಿನ ಮೇಲೆ ಬರೆದದ್ದು. ತೈಲಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಸರಸರ ಗೆರೆ ಎಳೆದಿದ್ದಾರೆ. ಮುಖಕ್ಕೆ ಬಣ್ಣ ಇದೆ, ಭುಜಕ್ಕೆ ನಾಲ್ಕು ಗೆರೆ, ಉಳಿದದ್ದು ಬರೀ ರಟ್ಟು. ಆ ಕಂದು ರಟ್ಟೇ ಗೋಡೆಯ ಹಾಗೆ ಕಾಣುತ್ತದೆ! ಪೋಸ್ಟರ್‌ಗಿಂತ ಪೇಂಟಿಂಗೇ ಮೇಲು, ನನ್ನ ಲೆಕ್ಕದಲ್ಲಿ.

ಅಯ್ಯೋ, ಇಲ್ಲ. ಪೋಸ್ಟರೇ ಮೇಲು. ಇವರು ಮಾಡಿದ 31 ಪೋಸ್ಟರ್‌ಗಳೂ ಈ ಮ್ಯೂಸಿಯಂನಲ್ಲಿವೆ. ಕಲ್ಲಿನ ಮೇಲೆ ಬರೆದು ಅಚ್ಚು ಹಾಕುವುದು, ಬಣ್ಣಕ್ಕೊಂದು ಕಲ್ಲು. ಝೂಮ್ ಮಾಡುತ್ತೇನೆ, ಈ ಸಣ್ಣ ಚುಕ್ಕೆಗಳು ಕಂಡವಾ? ಹಲ್ಲುಜ್ಜುವ ಬ್ರಷ್‌ನಿಂದ ಮಸಿ ಸಿಡಿಸಿದ್ದು.

ಈಗ ರೇಟಿನ ವಿಷಯ. ಹೊರಗೆ ಬೀದಿಯ ಒಂದು ಅಂಗಡಿಯಲ್ಲಿ ಲೋತ್ರೆಕ್ ಮಾಡಿದ ಮುಲಾಂ ರೂಜ್ (ಪ್ಯಾರಿಸ್‌ನ ಕುಣಿತದ ಕ್ಲಬ್) ಪೋಸ್ಟರಿನ ಪ್ರಿಂಟ್ 25 ಯೂರೋ. ಆಯ್ತು ಅಂದೆ. ಸುತ್ತಿ ಕೊಡಿ ಅಂದರೆ ರಟ್ಟಿನ ಕೊಳವೆಗೆ ಬೇರೆ 8 ಯೂರೋ! ಹತ್ತಿರ ಹತ್ತಿರ ಎಂಟುನೂರು ರೂಪಾಯಿ, ಖಾಲಿ ಕೊಳವೆಗೆ. ನಮ್ಮ ಅವೆನ್ಯೂ ರೋಡಿನಲ್ಲಿ ಕ್ಯಾಲೆಂಡರ್ ತಗೊಂಡರೆ ಹಳೇ ಪೇಪರಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಾರೆ, ದುಡ್ಡಿನ ಮಾತೇ ಬರುವುದಿಲ್ಲ. ಹಾಗೇ ಕೊಡಿ ಅಂದೆ. ಅಂಗಡಿಯವರು ಸುಮ್ನೆ ಬಾಗಿಲ ಕಡೆ ಕೈ ತೋರಿಸಿದರು. ಧೋ ಅಂತ ಮಳೆ. 1891ರಲ್ಲಿ ಇದೇ ಪೋಸ್ಟರಿನ ಸುಮಾರು 3000 ಪ್ರತಿ ಅಚ್ಚಾಗಿ ಪ್ಯಾರಿಸ್ ಗೋಡೆಗಳಿಗೆ ಅಂಟಿದ್ದವು. ಮಳೆಯಲ್ಲಿ ನೆನೆಯಲಿ, ಬಿಸಿಲಿಗೆ ಬೀಳಲಿ, ದಾರಿಹೋಕರು ಪುಕ್ಕಟೆ ನೋಡಲಿ ಅಂತಲೇ ಮಾಡಿದ ಕಾಗದ! ಕೊಳವೆ ತಗೊಂಡೆ. ಆದರೆ ಆ 8 ಯೂರೋ ಅನ್ಯಾಯ, ಅದನ್ನು ಹೇಳಿಯೇ ಹೇಳುತ್ತೇನೆ.

ಲೋತ್ರೆಕ್ 1901ರಲ್ಲಿ ತೀರಿಕೊಂಡರು. ಬರೀ 36 ವರ್ಷ. ಅಪ್ಪ ಆ ಚಿತ್ರಗಳ ಮೇಲಿನ ತನ್ನ ಪಾಲಿನ ಹಕ್ಕನ್ನು ಮಗನ ಗೆಳೆಯ ಮೊರಿಸ್ ಜ್ವಾಯಾಂಗೆ ಬಿಟ್ಟುಕೊಟ್ಟರು. ಅಮ್ಮ ಅದೆಲ್ ಮಾತ್ರ ಎಲ್ಲವನ್ನೂ ಕಾಪಾಡಿಕೊಂಡರು. ಪ್ಯಾರಿಸ್‌ನ ಮ್ಯೂಸಿಯಂಗಳು ಆಸಕ್ತಿ ತೋರಲಿಲ್ಲ. ಅಮ್ಮ ಮತ್ತು ಆ ಗೆಳೆಯ ಸೇರಿ ಊರಿಗೇ ಕೊಟ್ಟರು, 1922ರಲ್ಲಿ ಇಲ್ಲಿ ಬಾಗಿಲು ತೆರೆಯಿತು. ಈಗ ಸಾವಿರಕ್ಕೂ ಜಾಸ್ತಿ ಕೃತಿಗಳು. ಪ್ಯಾರಿಸ್‌ಗೆ ಹೋಗಿದ್ದರೆ ಅರ್ಧ ಗೋಡೌನ್ ಸೇರುತ್ತಿದ್ದವು. ಚಿಕ್ಕ ಊರಿಗೆ ಬಂದದ್ದೇ ಒಳ್ಳೆಯದಾಯಿತು, ಇದರಲ್ಲಿ ನನಗೆ ಎರಡು ಮಾತಿಲ್ಲ.

ಕೆಳಗೆ ಕಾಣುತ್ತಿರುವುದು ತಾರ್ನ್ ನದಿ. ಮಳೆ ನಿಂತಿದೆ. ಪಕ್ಕದ ಕೆತೀಡ್ರಲ್ 1282ರಲ್ಲಿ ಕಟ್ಟಲು ಶುರುಮಾಡಿದ್ದು, ಅದೂ ಇಟ್ಟಿಗೆಯದೇ. ಬ್ಯಾಟರಿ ಮುಗಿಯುವ ಮುಂಚೆ ಅದರ ಛಾವಣಿ ತೋರಿಸಬೇಕು, ಬನ್ನಿ ಬನ್ನಿ.